‘ಸರ್ವರ್ ಇಲ್ರಿ, ನಾಳೆ ಬರ್ರಿ’: ಕಂಪ್ಯೂಟರ್ ಕನೆಕ್ಟ್ ಆಗದಿದ್ದಾಗ ನಿಜವಾಗಿ ಕೆಟ್ಟಿರುವುದು ಏನು?

ದೇವದುರ್ಗದ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಆದಾಯ ಪ್ರಮಾಣಪತ್ರಕ್ಕೆಂದು ಬಂದವರಿಗೆ ಕೌಂಟರಿನಲ್ಲಿ ಸಿಗುವ ಉತ್ತರ: ‘ಸರ್ವರ್ ಇಲ್ರಿ, ನಾಳೆ ಬರ್ರಿ’. ಮಾನ್ವಿಯ ರೈಸ್ ಮಿಲ್ಲಿನಲ್ಲಿ ಬಿಲ್ ಹಾಕಲು ಕುಳಿತ ಹುಡುಗನೂ ಅದನ್ನೇ ಹೇಳುತ್ತಾನೆ. ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಬೇಲ್ ತುಂಬಿದ ಲಾರಿ ಇ-ವೇ ಬಿಲ್ಲಿಗಾಗಿ ಕಾಯುತ್ತಾ ನಿಂತಿರುತ್ತದೆ. ಅಲ್ಲಿಯೂ ಕಾರಣ ಒಂದೇ, ‘ಸರ್ವರ್ ಡೌನ್’.

ಈ ಮಾತು ನಮ್ಮ ಭಾಷೆಯಲ್ಲಿ ಎಷ್ಟು ಬೆರೆತಿದೆ ಎಂದರೆ ಅದು ನಿಜವೇ ಎಂದು ಯಾರೂ ಕೇಳುವುದಿಲ್ಲ. ಒಂದು ದಿನದ ಕೂಲಿ ಹೋದರೂ ‘ಸರ್ವರ್ ಇರಲಿಲ್ಲ, ಏನ್ ಮಾಡೋದು’ ಎಂದು ಮನೆಗೆ ಮರಳುತ್ತೇವೆ. ಇನ್ನೊಂದು ಕಡೆ, ‘ಸರ್ವರ್ ಕನೆಕ್ಟ್ ಆಗದಿದ್ದರೆ ಫೈರ್‌ವಾಲ್ ಆಫ್ ಮಾಡಿ’, ‘ಕಂಪ್ಯೂಟರಿನ ತಾರೀಖು ಹಿಂದಕ್ಕೆ ಇಡಿ’, ‘ಈ ಆ್ಯಪ್ ಹಾಕಿಕೊಳ್ಳಿ, ನಾವು ಸರಿಮಾಡುತ್ತೇವೆ’ ಎಂಬಂಥ ಸಲಹೆಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು, ಯಾವುದು ಅಪಾಯ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಉತ್ತರ

‘ಸರ್ವರ್ ಡೌನ್’ ಎನ್ನುವುದು ಬಹುತೇಕ ಸಲ ಒಂದು ಊಹೆ ಮಾತ್ರ. ಕಂಪ್ಯೂಟರ್ ಮತ್ತು ಸರ್ವರ್ ನಡುವೆ ಹಲವು ಕೊಂಡಿಗಳಿವೆ. ಯಾವ ಕೊಂಡಿ ಕಳಚಿದರೂ ಪರದೆಯ ಮೇಲೆ ‘ಕನೆಕ್ಟ್ ಆಗುತ್ತಿಲ್ಲ’ ಎಂದೇ ಕಾಣಿಸುತ್ತದೆ. ಯಾವ ಕೊಂಡಿ ಕಳಚಿದೆ ಎಂಬುದನ್ನು ಐದು–ಹತ್ತು ನಿಮಿಷದಲ್ಲಿ ಗುರುತಿಸಬಹುದು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ.

ಸರ್ವರ್ ಎಂದರೇನು? ಅದು ಎಲ್ಲಿರುತ್ತದೆ?

ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು ಕೇಳಿದ ಮಾಹಿತಿಯನ್ನು ಕೊಡುವ, ಅವು ಕೊಟ್ಟದ್ದನ್ನು ಬರೆದಿಟ್ಟುಕೊಳ್ಳುವ ಇನ್ನೊಂದು ಕಂಪ್ಯೂಟರ್, ಅಷ್ಟೇ. ನಿಮ್ಮ ಮುಂದಿರುವ ಪ್ರೋಗ್ರಾಂ ಗಿರಾಕಿ ಇದ್ದಂತೆ, ಸರ್ವರ್ ಅಂಗಡಿಕಾರ ಇದ್ದಂತೆ. ಗಿರಾಕಿ ಕೂಗುತ್ತಾನೆ, ಅಂಗಡಿಕಾರ ಸಾಮಾನು ಕೊಡುತ್ತಾನೆ.

ಈ ಅಂಗಡಿ ಎಲ್ಲಿದೆ ಎಂಬುದು ಪ್ರೋಗ್ರಾಂನಿಂದ ಪ್ರೋಗ್ರಾಂಗೆ ಬೇರೆ. ಅಡತ್ ಅಂಗಡಿಯ ಲೆಕ್ಕದ ಸಾಫ್ಟ್‌ವೇರ್‌ಗೆ ಸರ್ವರ್ ಪಕ್ಕದ ಕೋಣೆಯಲ್ಲಿರುವ ಯಜಮಾನರ ಕಂಪ್ಯೂಟರೇ ಆಗಿರಬಹುದು. ಸರ್ಕಾರಿ ತಂತ್ರಾಂಶಗಳ ಸರ್ವರ್‌ಗಳು ಹೆಚ್ಚಾಗಿ ಬೆಂಗಳೂರಿನಲ್ಲಿರುವ ರಾಜ್ಯ ದತ್ತಾಂಶ ಕೇಂದ್ರದಲ್ಲಿರುತ್ತವೆ. ಪಹಣಿ ಕೊಡುವ ‘ಭೂಮಿ’ ತಂತ್ರಾಂಶದ ಆರಂಭದ ವರ್ಷಗಳಲ್ಲಿ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲೇ ಇರುತ್ತಿದ್ದವು. ಆಮೇಲೆ ಎಲ್ಲವೂ ಒಂದೇ ಕಡೆ ಸೇರಿದವು. ಇದರಿಂದ ಯಾವ ಊರಿನಿಂದಲಾದರೂ ಪಹಣಿ ತೆಗೆಯುವಂತಾಯಿತು. ಆದರೆ ಇನ್ನೊಂದು ಬದಲಾವಣೆಯೂ ಆಯಿತು: ನಡುವಿನ ದಾರಿ ಉದ್ದವಾಯಿತು, ಕೊಂಡಿಗಳು ಹೆಚ್ಚಾದವು.

ನಾಲ್ಕು ಕೊಂಡಿಗಳು

ಸಂಪರ್ಕ ಕಡಿಯುವ ಜಾಗಗಳನ್ನು ನಾಲ್ಕಾಗಿ ವಿಂಗಡಿಸಿಕೊಂಡರೆ ಹುಡುಕುವುದು ಸುಲಭ.

1. ನಿಮ್ಮ ಕಂಪ್ಯೂಟರ್. ತಪ್ಪು ತಾರೀಖು, ಹಳೆಯ ಸಾಫ್ಟ್‌ವೇರ್, ಫೈರ್‌ವಾಲ್ ತಡೆ, ತಪ್ಪು ಪಾಸ್‌ವರ್ಡ್.

2. ಕಟ್ಟಡದೊಳಗಿನ ಜಾಲ. ಕೇಬಲ್, ಸ್ವಿಚ್ ಬಾಕ್ಸ್, ರೌಟರ್, ವೈಫೈ.

3. ಹೊರಗಿನ ಲೈನ್. ಕಂಬದ ಮೇಲೆ ಅಥವಾ ನೆಲದೊಳಗೆ ಹೋಗುವ ಫೈಬರ್, ಇಂಟರ್ನೆಟ್ ಕಂಪನಿಯ ಜಾಲ, ಹೆಸರು ಕೇಳಿ ವಿಳಾಸ ಹೇಳುವ ಡಿಎನ್‌ಎಸ್ ವ್ಯವಸ್ಥೆ.

4. ಸರ್ವರ್. ಅದು ಆಫ್ ಆಗಿರಬಹುದು, ಅದರ ಮೇಲೆ ಹೊರೆ ಹೆಚ್ಚಾಗಿರಬಹುದು, ಅಥವಾ ಸರ್ವರ್ ಚಾಲೂ ಇದ್ದು ಅದರೊಳಗಿನ ಸೇವೆ ಮಾತ್ರ ನಿಂತಿರಬಹುದು.

‘ಸರ್ವರ್ ಡೌನ್’ ಎಂಬ ಮಾತು ನಿಜವಾಗಿ ಹೊಂದುವುದು ನಾಲ್ಕನೆಯದಕ್ಕೆ ಮಾತ್ರ. ಮೊದಲ ಎರಡು ನಮ್ಮ ಕೈಯಲ್ಲೇ ಇವೆ. ಮೂರನೆಯದಕ್ಕೆ ದೂರು ಕೊಡಬೇಕಾದ್ದು ಇಂಟರ್ನೆಟ್ ಕಂಪನಿಗೆ. ಎಲ್ಲವನ್ನೂ ‘ಸರ್ವರ್’ ಎಂದು ಕರೆದರೆ ಯಾರಿಗೆ ದೂರು ಕೊಡಬೇಕು ಎಂಬುದೇ ತಿಳಿಯುವುದಿಲ್ಲ. ಸರಿಮಾಡಬೇಕಾದವರಿಗೂ ಸುದ್ದಿ ಮುಟ್ಟುವುದಿಲ್ಲ.

ಪರದೆಯ ಮೇಲಿನ ಸಂದೇಶ ಏನು ಹೇಳುತ್ತದೆ?

ಎರರ್ ಬಂದ ಕೂಡಲೇ ‘ಓಕೆ’ ಒತ್ತಿ ಮುಚ್ಚಿಬಿಡುವುದು ನಮ್ಮೆಲ್ಲರ ಅಭ್ಯಾಸ. ಆದರೆ ಅರ್ಧ ಉತ್ತರ ಆ ಸಂದೇಶದಲ್ಲೇ ಇರುತ್ತದೆ. ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕಾಣುವ ಸಂದೇಶಗಳು ಇವು:

‘ಟೈಮ್ಡ್ ಔಟ್’: ಕೂಗಿದೆವು, ಆಚೆಯಿಂದ ಯಾವ ಉತ್ತರವೂ ಬರಲಿಲ್ಲ ಎಂದರ್ಥ. ಲೈನ್ ಕಡಿದಿರಬಹುದು, ನಡುವೆ ಫೈರ್‌ವಾಲ್ ತಡೆದಿರಬಹುದು, ಸರ್ವರ್ ಆಫ್ ಆಗಿರಬಹುದು.

‘ಕನೆಕ್ಷನ್ ರೆಫ್ಯೂಸ್ಡ್’: ಆ ವಿಳಾಸದ ಯಂತ್ರ ಸಿಕ್ಕಿತು, ಆದರೆ ಬಾಗಿಲು ತೆರೆಯುವವರು ಇಲ್ಲ. ಅಂದರೆ ಯಂತ್ರ ಚಾಲೂ ಇದೆ, ಅದರೊಳಗೆ ಓಡಬೇಕಾದ ಸೇವೆ ನಿಂತಿದೆ, ಅಥವಾ ನಾವು ತಪ್ಪು ಪೋರ್ಟ್ ಸಂಖ್ಯೆ ಕೊಟ್ಟಿದ್ದೇವೆ. ಲೈನ್ ಮಾತ್ರ ಚೆನ್ನಾಗಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

‘ಹೋಸ್ಟ್ ನಾಟ್ ಫೌಂಡ್’ ಅಥವಾ ‘ಡಿಎನ್‌ಎಸ್ ಎರರ್’: ಹೆಸರು ಗೊತ್ತು, ವಿಳಾಸ ಸಿಗಲಿಲ್ಲ. ಇಂಟರ್ನೆಟ್ ಪೂರ್ತಿ ಇಲ್ಲದಿದ್ದರೂ ಹೀಗೇ ಬರುತ್ತದೆ, ಹೆಸರು ಬರೆಯುವಾಗ ಒಂದು ಅಕ್ಷರ ತಪ್ಪಿದರೂ ಹೀಗೇ ಬರುತ್ತದೆ.

‘ಸರ್ಟಿಫಿಕೇಟ್’ ಅಥವಾ ‘ಎಸ್‌ಎಸ್‌ಎಲ್’ ಎಂಬ ಪದ ಇದ್ದರೆ: ಸರ್ವರ್‌ನ ಗುರುತಿನ ಚೀಟಿಯನ್ನು ನಿಮ್ಮ ಕಂಪ್ಯೂಟರ್ ಒಪ್ಪುತ್ತಿಲ್ಲ. ಮೊದಲು ನೋಡಬೇಕಾದ್ದು ನಿಮ್ಮ ಕಂಪ್ಯೂಟರಿನ ತಾರೀಖು ಮತ್ತು ಗಡಿಯಾರ.

‘401’ ಅಥವಾ ‘ಲಾಗಿನ್ ಫೇಲ್ಡ್’: ಸಂಪರ್ಕ ಸರಿಯಾಗಿದೆ. ಯೂಸರ್ ಐಡಿ, ಪಾಸ್‌ವರ್ಡ್ ಅಥವಾ ಅನುಮತಿಯಲ್ಲಿ ತೊಂದರೆ.

‘500’, ‘502’, ‘503’: ನಿಮ್ಮ ಕಡೆ ಎಲ್ಲವೂ ಸರಿ ಇರುವ ಸಾಧ್ಯತೆ ಹೆಚ್ಚು. ಸರ್ವರ್ ಕಡೆಯೇ ತೊಂದರೆ ಅಥವಾ ಹೊರೆ. ‘ಸರ್ವರ್ ಡೌನ್’ ಎಂದು ಧೈರ್ಯವಾಗಿ ಹೇಳಬಹುದಾದ ಸಂದರ್ಭ ಇದು.

ಹತ್ತು ನಿಮಿಷದ ಪರೀಕ್ಷೆ

ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕೈದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂಬುದೂ ಗೊತ್ತಾಗುವುದಿಲ್ಲ, ಹೊಸದಾಗಿ ಏನು ಕೆಟ್ಟಿತು ಎಂಬುದೂ ಗೊತ್ತಾಗುವುದಿಲ್ಲ.

ಹೆಜ್ಜೆ 1: ಪಕ್ಕದವರನ್ನು ಕೇಳಿ. ಅದೇ ಕಚೇರಿಯ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಪ್ರೋಗ್ರಾಂ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ತೊಂದರೆ ನಿಮ್ಮ ಯಂತ್ರದಲ್ಲಿದೆ. ಬೇರೆ ಊರಿನಲ್ಲಿ ಅದೇ ಕೆಲಸ ಮಾಡುವವರಿಗೆ ಫೋನ್ ಮಾಡಿ. ದೇವದುರ್ಗದಲ್ಲಿ ಇಲ್ಲ, ಮಾನ್ವಿಯಲ್ಲಿ ನಡೆಯುತ್ತಿದೆ ಎಂದಾದರೆ ಸರ್ವರ್ ಬಿದ್ದಿಲ್ಲ. ಎಲ್ಲ ಊರುಗಳಲ್ಲೂ ನಿಂತಿದ್ದರೆ ಸರ್ವರ್ ಕಡೆಯ ತೊಂದರೆ ಇರಬಹುದು. ಈ ಒಂದು ಫೋನ್ ಕರೆಯಿಂದ ಅರ್ಧ ಹುಡುಕಾಟ ಮುಗಿಯುತ್ತದೆ.

ಹೆಜ್ಜೆ 2: ತಾರೀಖು, ಸಮಯ ನೋಡಿ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದ ಗಾತ್ರದ ಒಂದು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಕೆಲವು ವರ್ಷಗಳಲ್ಲಿ ಅದು ಸೋತುಹೋಗುತ್ತದೆ. ಆಮೇಲೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಸುರಕ್ಷಿತ ಸಂಪರ್ಕಕ್ಕೆ ಬಳಸುವ ಸರ್ಟಿಫಿಕೇಟ್‌ಗೆ ಆರಂಭದ ದಿನ, ಮುಗಿಯುವ ದಿನ ಇರುತ್ತದೆ. ನಿಮ್ಮ ಕಂಪ್ಯೂಟರಿನ ಪ್ರಕಾರ ಆ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ! ಹಾಗಾಗಿ ಸಂಪರ್ಕವನ್ನು ನಿರಾಕರಿಸುತ್ತದೆ. ತಾರೀಖು ಸರಿಮಾಡಿ, ಆ ಸೆಲ್ ಬದಲಿಸಿ. ಖರ್ಚು ತೀರಾ ಕಡಿಮೆ.

ಹೆಜ್ಜೆ 3: ರೌಟರಿನ ದೀಪ ನೋಡಿ. ಕಂಪ್ಯೂಟರ್ ಯುಪಿಎಸ್ ಮೇಲಿರುತ್ತದೆ, ಆದರೆ ರೌಟರಿನ ಪ್ಲಗ್ ಸಾಮಾನ್ಯ ಬೋರ್ಡಿನಲ್ಲಿರುತ್ತದೆ. ಕರೆಂಟ್ ಹೋದಾಗ ಪರದೆ ಬೆಳಗುತ್ತಲೇ ಇರುತ್ತದೆ, ನೆಟ್ ಮಾತ್ರ ಹೋಗಿರುತ್ತದೆ. ಆಗ ‘ಸರ್ವರ್ ಹೋಯ್ತು’ ಎನ್ನುತ್ತೇವೆ. ರೌಟರನ್ನೂ ಯುಪಿಎಸ್‌ಗೆ ಜೋಡಿಸಿದರೆ ಈ ತೊಂದರೆ ಅಲ್ಲಿಗೇ ಮುಗಿಯಿತು. ಫೈಬರ್ ಸಂಪರ್ಕವಿದ್ದರೆ ಪೆಟ್ಟಿಗೆಯ ಮೇಲೆ ‘ಎಲ್‌ಒಎಸ್’ ಎಂಬ ದೀಪ ಇರುತ್ತದೆ. ಅದು ಕೆಂಪಾಗಿದ್ದರೆ ಹೊರಗಿನಿಂದ ಬೆಳಕಿನ ಸಂಕೇತವೇ ಬರುತ್ತಿಲ್ಲ ಎಂದರ್ಥ. ರಸ್ತೆ ಅಗೆಯುವಾಗ ಫೈಬರ್ ತುಂಡಾಗಿರಬಹುದು. ಇದು ಇಂಟರ್ನೆಟ್ ಕಂಪನಿಗೆ ದೂರು ಕೊಡಬೇಕಾದ ವಿಷಯ. ಫೈಬರ್ ತುದಿಯನ್ನು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಹೆಜ್ಜೆ 4: ಪಿಂಗ್ ಮಾಡಿ. ವಿಂಡೋಸ್‌ನ ಸರ್ಚ್ ಜಾಗದಲ್ಲಿ ‘ಕಮಾಂಡ್ ಪ್ರಾಂಪ್ಟ್’ ಹುಡುಕಿ ತೆರೆಯಿರಿ. ಅದರಲ್ಲಿ ‘ಪಿಂಗ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು ರೌಟರಿನ ವಿಳಾಸ ಹಾಕಿ. ಅನೇಕ ರೌಟರ್‌ಗಳಲ್ಲಿ ಅದು 192.168.1.1 ಅಥವಾ 192.168.0.1 ಇರುತ್ತದೆ. ಉತ್ತರ ಬಂದರೆ ಕಟ್ಟಡದೊಳಗಿನ ಜಾಲ ಸರಿಯಿದೆ. ನಂತರ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಹೊರಗಿನ ಲೈನ್ ಸರಿಯಿದೆ. ಕೊನೆಗೆ ಯಾವುದಾದರೂ ಜನಪ್ರಿಯ ವೆಬ್‌ಸೈಟಿನ ಹೆಸರಿಗೆ ಪಿಂಗ್ ಮಾಡಿ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ತೊಂದರೆ ಡಿಎನ್‌ಎಸ್‌ನಲ್ಲಿದೆ. ಒಂದು ಎಚ್ಚರಿಕೆ: ಕೆಲವು ಸರ್ವರ್‌ಗಳು ಸುರಕ್ಷತೆಗಾಗಿ ಪಿಂಗ್‌ಗೆ ಉತ್ತರ ಕೊಡುವುದೇ ಇಲ್ಲ. ಆದ್ದರಿಂದ ಅಂಥ ಸರ್ವರ್ ಪಿಂಗ್ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಬಿದ್ದಿದೆ ಎನ್ನಲಾಗದು.

ಹೆಜ್ಜೆ 5: ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿ. ಹಾಟ್‌ಸ್ಪಾಟ್‌ನಲ್ಲಿ ಪ್ರೋಗ್ರಾಂ ನಡೆದರೆ ಸರ್ವರ್ ಚೆನ್ನಾಗಿದೆ, ನಿಮ್ಮ ಕೇಬಲ್ ಲೈನ್ ಅಥವಾ ರೌಟರ್ ಕೆಟ್ಟಿದೆ. ಎರಡು ಕಡೆ ಈ ಪರೀಕ್ಷೆ ನಡೆಯುವುದಿಲ್ಲ. ಸರ್ವರ್ ನಿಮ್ಮ ಅಂಗಡಿಯೊಳಗೇ ಇದ್ದರೆ ಹಾಟ್‌ಸ್ಪಾಟ್‌ನಿಂದ ಅದು ಸಿಗುವುದಿಲ್ಲ. ಸರ್ಕಾರಿ ಕಚೇರಿಗಳ ಕೆಲವು ತಂತ್ರಾಂಶಗಳು ಸರ್ಕಾರದ ಸ್ವಂತ ಜಾಲದೊಳಗೆ ಮಾತ್ರ ತೆರೆಯುತ್ತವೆ, ಅವಕ್ಕೂ ಇದು ಹೊಂದುವುದಿಲ್ಲ.

ಹೆಜ್ಜೆ 6: ಕ್ರಮವಾಗಿ ಆಫ್ ಮಾಡಿ ಆನ್ ಮಾಡಿ. ಮೊದಲು ರೌಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಎರಡು ನಿಮಿಷ ಕಾಯಿರಿ. ಸರ್ವರ್ ಅಂಗಡಿಯಲ್ಲೇ ಇದ್ದರೆ ಅದರಲ್ಲಿ ಕೆಲಸ ಮಾಡುತ್ತಿರುವವರೆಲ್ಲ ಹೊರಬಂದ ಮೇಲೆ ಅದನ್ನು ರೀಸ್ಟಾರ್ಟ್ ಮಾಡಿ. ಕೊನೆಗೆ ನಿಮ್ಮ ಕಂಪ್ಯೂಟರ್. ಲೆಕ್ಕ ಬರೆಯುತ್ತಿರುವಾಗಲೇ ಸರ್ವರ್‌ನ ಸ್ವಿಚ್ ಒತ್ತಿದರೆ ದತ್ತಾಂಶವೇ ಕೆಡಬಹುದು.

ಅಂಗಡಿಯೊಳಗಿನ ಸರ್ವರ್: ‘ನಿನ್ನೆವರೆಗೆ ಬರ್ತಿತ್ತು’

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಜ್‌ನ ಒಂದು ಅಂಗಡಿಯಲ್ಲಿ ಮೂರು ಕಂಪ್ಯೂಟರುಗಳಿವೆ. ಒಂದರಲ್ಲಿ ಲೆಕ್ಕದ ದತ್ತಾಂಶ ಇದೆ, ಅದೇ ಸರ್ವರ್. ಉಳಿದ ಎರಡರಿಂದ ಬಿಲ್ ಹಾಕುತ್ತಾರೆ. ರಾತ್ರಿ ಗುಡುಗು ಮಳೆ, ಕರೆಂಟ್ ಹೋಗಿ ಬಂತು. ಬೆಳಿಗ್ಗೆ ಎರಡರಲ್ಲೂ ‘ಕನೆಕ್ಟ್ ಆಗುತ್ತಿಲ್ಲ’. ಇಂಟರ್ನೆಟ್ ಚೆನ್ನಾಗಿದೆ, ಯೂಟ್ಯೂಬ್ ಓಡುತ್ತಿದೆ. ಏನಾಗಿರಬಹುದು?

ವಿಳಾಸ ಬದಲಾಗಿರಬಹುದು. ಪ್ರತಿ ಕಂಪ್ಯೂಟರಿಗೆ ಮನೆ ನಂಬರಿನಂತೆ ಒಂದು ಐಪಿ ವಿಳಾಸವನ್ನು ರೌಟರ್ ಹಂಚುತ್ತದೆ. ರೌಟರ್ ಆಫ್ ಆಗಿ ಆನ್ ಆದಾಗ ಈ ನಂಬರ್ ಬದಲಾಗುವುದುಂಟು. ನಿನ್ನೆ 192.168.1.5 ಇದ್ದ ಸರ್ವರ್ ಇವತ್ತು 192.168.1.8 ಆಗಿರಬಹುದು. ಬಿಲ್ ಹಾಕುವ ಕಂಪ್ಯೂಟರುಗಳು ಹಳೆಯ ಮನೆಯ ಬಾಗಿಲನ್ನೇ ಬಡಿಯುತ್ತಿವೆ. ಸರ್ವರ್‌ಗೆ ಒಂದು ಖಾಯಂ ವಿಳಾಸ ಗೊತ್ತುಮಾಡಿಸಿದರೆ ಈ ತೊಂದರೆ ಮರುಕಳಿಸುವುದಿಲ್ಲ.

ಸೇವೆ ತಾನಾಗಿ ಶುರುವಾಗದಿರಬಹುದು. ಯಂತ್ರ ಆನ್ ಆಗಿದೆ, ಆದರೆ ಅದರೊಳಗೆ ಕೆಲಸ ಮಾಡುವ ಪ್ರೋಗ್ರಾಂ ಆನ್ ಆಗಿಲ್ಲ. ‘ಕನೆಕ್ಷನ್ ರೆಫ್ಯೂಸ್ಡ್’ ಬರುವುದು ಇಂಥ ಕಡೆ.

ಸರ್ವರ್ ನಿದ್ದೆಗೆ ಜಾರಿರಬಹುದು. ವಿಂಡೋಸ್‌ನ ‘ಸ್ಲೀಪ್’ ವ್ಯವಸ್ಥೆ ಕರೆಂಟ್ ಉಳಿಸಲು ಒಳ್ಳೆಯದು. ಆದರೆ ಸರ್ವರ್ ಆಗಿ ಬಳಸುವ ಕಂಪ್ಯೂಟರಿನಲ್ಲಿ ಅದನ್ನು ಬಂದ್ ಮಾಡಿರಬೇಕು.

ಜಾಲ ‘ಪಬ್ಲಿಕ್’ ಆಗಿರಬಹುದು. ಹೊಸ ರೌಟರ್ ಹಾಕಿದಾಗ ವಿಂಡೋಸ್ ಅದನ್ನು ಬಸ್‌ಸ್ಟ್ಯಾಂಡಿನ ವೈಫೈಯಂತೆ ಅಪರಿಚಿತ ಜಾಲ ಎಂದು ಭಾವಿಸಿ, ಹೊರಗಿನಿಂದ ಬರುವ ಕೋರಿಕೆಗಳನ್ನು ತಡೆಯಬಹುದು. ನಿಮ್ಮದೇ ಅಂಗಡಿಯ ಜಾಲವಾದರೆ ಅದನ್ನು ‘ಪ್ರೈವೇಟ್’ ಎಂದು ಬದಲಿಸಿ.

ಗುಡುಗು ಸಿಡಿಲಿನ ನಂತರ ಇನ್ನೊಂದು ಸಾಧ್ಯತೆಯೂ ಇದೆ. ಉದ್ದ ಕೇಬಲ್ ಮೂಲಕ ಬಂದ ವಿದ್ಯುತ್ ಆಘಾತಕ್ಕೆ ನೆಟ್‌ವರ್ಕ್ ಪೋರ್ಟ್ ಮಾತ್ರ ಸುಟ್ಟಿರಬಹುದು. ಕೇಬಲ್ ಚುಚ್ಚುವ ಜಾಗದ ಪುಟ್ಟ ದೀಪ ಹೊತ್ತದಿದ್ದರೆ ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ ನೋಡಿ.

ಬೆರಳಚ್ಚು ಬಾರದಿದ್ದರೆ ಅದೂ ಸರ್ವರ್ ತೊಂದರೆಯೇ?

ರೇಷನ್ ಅಂಗಡಿ, ಸೇವಾ ಕೇಂದ್ರಗಳಲ್ಲಿ ಬೆರಳು ಇಟ್ಟಾಗ ಬರುವ ಎಲ್ಲ ತೊಂದರೆಗೂ ‘ಸರ್ವರ್’ ಎಂದೇ ಹೆಸರು. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ.

ಒಂದು, ಬೆರಳಚ್ಚು ಯಂತ್ರವನ್ನು ನಡೆಸುವ ಪುಟ್ಟ ಸೇವೆ ಅದೇ ಕಂಪ್ಯೂಟರಿನಲ್ಲಿರುತ್ತದೆ, ಅದಕ್ಕೆ ‘ಆರ್‌ಡಿ ಸರ್ವಿಸ್’ ಎನ್ನುತ್ತಾರೆ. ‘ಡಿವೈಸ್ ನಾಟ್ ರೆಡಿ’ ಎಂದು ಬಂದರೆ ಅದು ನಿಂತಿದೆ ಅಥವಾ ಯುಎಸ್‌ಬಿ ತಂತಿ ಸಡಿಲವಾಗಿದೆ. ಎರಡು, ನಿಜವಾಗಿ ಆಧಾರ್ ಸರ್ವರ್‌ಗೆ ಸಂಪರ್ಕ ಸಿಗದಿರುವುದು. ಮೂರು, ಸಂಪರ್ಕ ಸಿಕ್ಕಿದೆ, ಆದರೆ ಬೆರಳ ಗೆರೆ ಹೊಂದುತ್ತಿಲ್ಲ. ಹೊಲದ ಕೆಲಸ, ಗಾರೆ ಕೆಲಸ ಮಾಡಿದ ಕೈಗಳಲ್ಲಿ, ವಯಸ್ಸಾದವರ ಕೈಗಳಲ್ಲಿ ಗೆರೆಗಳು ಸವೆದಿರುತ್ತವೆ. ಇದು ಸರ್ವರ್ ತಪ್ಪಲ್ಲ, ನಾಳೆ ಬಂದರೂ ಸರಿಹೋಗುವುದಿಲ್ಲ. ಬೇರೆ ಬೆರಳು ಇಡುವುದು, ಕೈ ತೊಳೆದು ಒರೆಸಿ ಇಡುವುದು, ಆ ಸೇವೆಯಲ್ಲಿ ಅವಕಾಶವಿದ್ದರೆ ಒಟಿಪಿ, ಕಣ್ಣಿನ ಪಾಪೆ ಅಥವಾ ಮುಖ ಗುರುತಿನ ದಾರಿ ಹಿಡಿಯುವುದು, ಆಧಾರ್ ಕೇಂದ್ರದಲ್ಲಿ ಬೆರಳಚ್ಚು ನವೀಕರಿಸುವುದು ಇದಕ್ಕೆ ಪರಿಹಾರ. ಒಬ್ಬ ಅಜ್ಜಿಯನ್ನು ‘ಸರ್ವರ್ ಇಲ್ಲ’ ಎಂದು ನಾಲ್ಕು ದಿನ ಅಲೆಸುವುದಕ್ಕಿಂತ ‘ಬೆರಳು ಹೊಂದುತ್ತಿಲ್ಲ ಅಮ್ಮಾ’ ಎಂದು ಹೇಳಿದರೆ ಅವರ ಕೆಲಸ ಮುಂದಕ್ಕೆ ಹೋಗುತ್ತದೆ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ‘ಬೆಂಗಳೂರು ದೂರ, ಅದಕ್ಕೇ ರಾಯಚೂರಿಗೆ ಸರ್ವರ್ ಬರುವುದಿಲ್ಲ.’
ವಾಸ್ತವ: ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ನಾಲ್ಕೈನೂರು ಕಿಲೋಮೀಟರ್ ದಾರಿಯನ್ನು ಹೋಗಿ ಬರಲು ಬೇಕಾದ್ದು ಒಂದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು. ದೂರ ಕಾರಣವಲ್ಲ. ದಾರಿಯಲ್ಲಿನ ಕಡಿತ, ಇಕ್ಕಟ್ಟು, ಬದಲಿ ಲೈನ್ ಇಲ್ಲದಿರುವುದು ಕಾರಣ.

ನಂಬಿಕೆ: ‘ಒತ್ತುತ್ತಲೇ ಇದ್ದರೆ ಒಂದು ಸಲ ಸಿಗುತ್ತದೆ.’
ವಾಸ್ತವ: ಹೊರೆಯಿಂದ ಬಳಲಿದ ಸರ್ವರ್‌ಗೆ ಪ್ರತಿ ಒತ್ತುವಿಕೆಯೂ ಹೊಸ ಹೊರೆ. ಸಾವಿರಾರು ಜನ ಹೀಗೆ ಒತ್ತಿದರೆ ಚೇತರಿಸಿಕೊಳ್ಳುವುದೇ ತಡವಾಗುತ್ತದೆ. ಮೊದಲು 1 ನಿಮಿಷ, ಆಮೇಲೆ 2, ಆಮೇಲೆ 4 ನಿಮಿಷ ಬಿಟ್ಟು ಪ್ರಯತ್ನಿಸಿ. ಹಣ ಕಟ್ಟುವ ಪುಟವಾದರಂತೂ ಮತ್ತೆ ಒತ್ತಬೇಡಿ. ಮೊದಲು ಖಾತೆಯಿಂದ ಹಣ ಕಡಿತವಾಗಿದೆಯೇ ನೋಡಿ. ಎರಡು ಸಲ ಕಡಿತವಾಗುವುದು ಹೀಗೆಯೇ.

ನಂಬಿಕೆ: ‘ಫೈರ್‌ವಾಲ್, ಆ್ಯಂಟಿವೈರಸ್ ಆಫ್ ಮಾಡಿದರೆ ಕನೆಕ್ಟ್ ಆಗುತ್ತದೆ.’
ವಾಸ್ತವ: ಕೆಲವೊಮ್ಮೆ ಆಗುತ್ತದೆ ನಿಜ. ಅದಕ್ಕೇ ಈ ಸಲಹೆ ಸಾಯುವುದಿಲ್ಲ. ಆದರೆ ಒಬ್ಬ ನೆಂಟರು ಬರಲಿ ಎಂದು ಮನೆಯ ಎಲ್ಲ ಬಾಗಿಲು ಕಿತ್ತು ಹಾಕಿದಂತೆ ಇದು. ಸರಿಯಾದ ದಾರಿ ಎಂದರೆ ಫೈರ್‌ವಾಲ್ ಆನ್ ಇಟ್ಟುಕೊಂಡೇ ಆ ಒಂದು ಪ್ರೋಗ್ರಾಂಗೆ ಮಾತ್ರ ಅನುಮತಿ ಕೊಡುವುದು. ವಿಂಡೋಸ್‌ನ ಫೈರ್‌ವಾಲ್ ಪುಟದಲ್ಲಿ ಇದಕ್ಕೆಂದೇ ಆಯ್ಕೆ ಇದೆ.

ನಂಬಿಕೆ: ‘ತಾರೀಖು ಹಿಂದಕ್ಕೆ ಇಟ್ಟರೆ ಸಾಫ್ಟ್‌ವೇರ್ ನಡೆಯುತ್ತದೆ.’
ವಾಸ್ತವ: ಸುರಕ್ಷಿತ ಸಂಪರ್ಕ ಬಳಸುವ ಪ್ರೋಗ್ರಾಂಗಳಲ್ಲಿ ಇದರಿಂದ ಸಂಪರ್ಕ ಇನ್ನಷ್ಟು ಕೆಡುತ್ತದೆ. ಬಿಲ್ಲುಗಳ ಮೇಲೆ ತಪ್ಪು ದಿನಾಂಕ ಬಿದ್ದು ಲೆಕ್ಕವೂ ಗೊಂದಲವಾಗುತ್ತದೆ.

ನಂಬಿಕೆ: ‘ಹಳೆಯ ಕಂಪ್ಯೂಟರ್ ಚೆನ್ನಾಗಿಯೇ ಇದೆ, ತಪ್ಪು ಸರ್ವರ್‌ದೇ.’
ವಾಸ್ತವ: ಸರ್ವರ್‌ಗಳು ಕಾಲಕಾಲಕ್ಕೆ ಹಳೆಯ ಸುರಕ್ಷತಾ ವಿಧಾನಗಳನ್ನು ಕೈಬಿಡುತ್ತವೆ. ವಿಂಡೋಸ್ 7ರಂಥ ಹಳೆಯ ವ್ಯವಸ್ಥೆಯ ಯಂತ್ರಗಳಿಗೆ ಹೊಸ ವಿಧಾನದಲ್ಲಿ ಮಾತನಾಡಲು ಬರದಿರಬಹುದು. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನಂಬಿಕೆ: ‘ಬಿಸಿಲಿಗೂ ನೆಟ್‌ಗೂ ಸಂಬಂಧವಿಲ್ಲ.’
ವಾಸ್ತವ: ರಾಯಚೂರಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹೆಚ್ಚಿನ ಮನೆಬಳಕೆಯ ರೌಟರ್‌ಗಳನ್ನು ಸುಮಾರು 40 ಡಿಗ್ರಿವರೆಗಿನ ವಾತಾವರಣಕ್ಕೆ ಎಂದು ತಯಾರಿಸಿರುತ್ತಾರೆ. ತಗಡಿನ ಶೆಡ್ಡಿನಲ್ಲಿ, ಕಿಟಕಿಯ ಬಿಸಿಲಿನಲ್ಲಿ, ಫೈಲುಗಳ ಅಡಿಯಲ್ಲಿ ಇಟ್ಟ ರೌಟರ್ ಮಧ್ಯಾಹ್ನ ಬಿಸಿಯಾಗಿ ಮತ್ತೆ ಮತ್ತೆ ನಿಲ್ಲಬಹುದು. ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ, ಸಂಜೆ ಮತ್ತೆ ಸರಿ ಎಂದಾದರೆ ಮೊದಲು ರೌಟರನ್ನು ಗಾಳಿಯಾಡುವ ನೆರಳಿಗೆ ಸರಿಸಿ.

ಸರ್ವರ್ ನಿಜವಾಗಿಯೇ ಬೀಳುವುದಿಲ್ಲವೇ?

ಬೀಳುತ್ತದೆ. 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಗೆ ಸೇವಾಸಿಂಧು ಮೂಲಕ ನೋಂದಣಿ ಶುರುವಾದಾಗ ರಾಜ್ಯದ ಜನರೆಲ್ಲ ಒಂದೇ ಬಾಗಿಲಿಗೆ ಬಂದರು, ಸರ್ವರ್ ಬಳಲಿತು. ಅದನ್ನು ಹ್ಯಾಕ್ ಮಾಡಲಾಗಿದೆ ಎಂಬ ಆರೋಪವೂ ರಾಜಕೀಯ ವಲಯದಲ್ಲಿ ಕೇಳಿಬಂತು. ಏಕಕಾಲಕ್ಕೆ ಇಷ್ಟು ಜನ ಬಂದರೆ ಯಾರ ಕೈವಾಡವೂ ಇಲ್ಲದೆಯೂ ಸರ್ವರ್ ನಿಲ್ಲಬಹುದು. ಜಿಎಸ್‌ಟಿ ರಿಟರ್ನ್ಸ್‌ಗೆ ತಿಂಗಳ 20ನೇ ತಾರೀಖಿನ ಸಂಜೆ ಕುಳಿತವರಿಗೂ ಈ ಅನುಭವ ಇದ್ದೇ ಇರುತ್ತದೆ. ಎರಡು ದಿನ ಮೊದಲೇ ಮಾಡುವುದು ಇದಕ್ಕೆ ಒಳ್ಳೆಯ ಮದ್ದು.

ಆದರೆ ಉದ್ದೇಶಪೂರ್ವಕ ದಾಳಿಯೂ ಉಂಟು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶ ನಿಧಾನವಾಗಿ, ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಕುಂಟಿತು. ನಕಲಿ ಖಾತೆಗಳಿಂದ ಭಾರಿ ಪ್ರಮಾಣದ ಕೋರಿಕೆಗಳನ್ನು ಕಳಿಸಿ ಸರ್ವರನ್ನು ಮುಳುಗಿಸಲಾಗಿದೆ ಎಂದು ಸರ್ಕಾರ ಹೇಳಿತು, ಸೈಬರ್ ಪೊಲೀಸರಿಗೆ ದೂರೂ ಹೋಯಿತು.

ಸರ್ವರ್ ಸರಿಯಿದ್ದೂ ಬಾಗಿಲು ಕಾಣೆಯಾದ ಪ್ರಸಂಗವೂ ಇದೆ. 2021ರ ಅಕ್ಟೋಬರ್ 4ರ ರಾತ್ರಿ ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ನಿಂತವು. ಆ ಕಂಪನಿಯೊಳಗಿನ ಒಂದು ತಪ್ಪು ಆದೇಶದಿಂದ ಅದರ ಜಾಲವೇ ಕಡಿದು, ಅದರ ಹೆಸರುಗಳಿಗೆ ವಿಳಾಸ ಹೇಳುವವರೇ ಇಲ್ಲದಂತಾಗಿತ್ತು. ಇದು ಮೂರನೇ ಕೊಂಡಿ. ಇನ್ನು 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಒಂದು ಕೆಟ್ಟ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡಿಸಿತು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಆಗಲೇ. ಅಂದು ಕೆಟ್ಟದ್ದು ಲೈನ್ ಅಲ್ಲ, ಯಂತ್ರಗಳೇ.

ಕೌಂಟರಿನ ಈಚೆ ನಿಂತವರು ಏನು ಮಾಡಬಹುದು?

‘ಸರ್ವರ್ ಇಲ್ಲ’ ಎಂದಾಗ ಜಗಳ ಬೇಡ, ಎರಡು ಪ್ರಶ್ನೆ ಕೇಳಿ. ‘ನಿಮ್ಮಲ್ಲಿ ಮಾತ್ರ ಇಲ್ಲವೋ, ಎಲ್ಲ ಕಡೆಯೂ ಇಲ್ಲವೋ?’ ‘ಪರದೆಯ ಮೇಲೆ ಏನೆಂದು ಬರುತ್ತಿದೆ?’ ಒಂದೇ ಕೇಂದ್ರದ ತೊಂದರೆಯಾದರೆ ಅದೇ ಸೇವೆ ಕೊಡುವ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ನಾಡಕಚೇರಿಯಲ್ಲಿ ಕೇಳಬಹುದು. ಜಾತಿ–ಆದಾಯ ಪ್ರಮಾಣಪತ್ರದಂಥ ಕೆಲವು ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ನಾವೇ ಹಾಕಬಹುದು. ಹೊರಡುವ ಮೊದಲು ಕೇಂದ್ರಕ್ಕೊಂದು ಫೋನ್ ಮಾಡಿದರೆ ಬಸ್ ಖರ್ಚೂ ಉಳಿಯುತ್ತದೆ. ಕಾಲೇಜು ಪ್ರವೇಶ, ವಿದ್ಯಾರ್ಥಿವೇತನ, 371ಜೆ ಪ್ರಮಾಣಪತ್ರದಂಥ ಕೊನೆಯ ದಿನಾಂಕವಿರುವ ಕೆಲಸಕ್ಕೆ ಎರರ್ ಪರದೆಯ ಫೋಟೊವನ್ನು ದಿನ, ಸಮಯ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಅರ್ಜಿ ಸ್ವೀಕರಿಸಿದರೆ ಸಂಖ್ಯೆಯಿರುವ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ. ಸಕಾಲ ಕಾಯ್ದೆಯಡಿ ಬರುವ ಸೇವೆಗಳಿಗೆ ದಿನ ಎಣಿಸುವುದು ಆ ಸಂಖ್ಯೆಯಿಂದಲೇ.

ಎಲ್ಲಕ್ಕಿಂತ ದೊಡ್ಡ ಅಪಾಯ ಇದು

ಕೆಲಸ ನಿಂತಾಗ ಆತಂಕವಾಗುತ್ತದೆ. ಆಗ ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕುತ್ತೇವೆ. ಅಲ್ಲಿ ಸಿಗುವ ನಂಬರುಗಳಲ್ಲಿ ವಂಚಕರು ಹಾಕಿದವೂ ಇರುತ್ತವೆ. ಫೋನ್ ಎತ್ತಿದವರು ಸಭ್ಯವಾಗಿ ಮಾತನಾಡುತ್ತಾರೆ. ‘ಪರದೆ ಹಂಚಿಕೊಳ್ಳುವ ಈ ಆ್ಯಪ್ ಹಾಕಿ, ಅದರಲ್ಲಿ ಬರುವ ನಂಬರ್ ಹೇಳಿ’ ಎನ್ನುತ್ತಾರೆ. ನಂಬರ್ ಹೇಳಿದ ಮೇಲೆ ನಿಮ್ಮ ಪರದೆ ಅವರ ಕಣ್ಣ ಮುಂದಿರುತ್ತದೆ. ಮೌಸ್ ಅವರ ಕೈಗೆ ಹೋಗಬಹುದು, ಒಟಿಪಿ ಅವರಿಗೂ ಕಾಣಬಹುದು.

ಪರದೆ ಹಂಚಿಕೊಳ್ಳುವ ಆ್ಯಪ್‌ಗಳೇ ಕೆಟ್ಟವಲ್ಲ, ನಿಜವಾದ ತಂತ್ರಜ್ಞರೂ ಅವನ್ನು ಬಳಸುತ್ತಾರೆ. ವ್ಯತ್ಯಾಸ ಇಷ್ಟೇ: ನಂಬರನ್ನು ಸಾಫ್ಟ್‌ವೇರಿನ ಬಿಲ್ಲಿನಿಂದ ಅಥವಾ ಪ್ರೋಗ್ರಾಂ ಒಳಗಿನ ಸಹಾಯ ಪುಟದಿಂದ ನೀವೇ ತೆಗೆದುಕೊಂಡು, ನೀವೇ ಕರೆ ಮಾಡಿರಬೇಕು. ಕೆಲಸ ಮುಗಿಯುವವರೆಗೆ ಪರದೆಯ ಮುಂದೆ ಕುಳಿತಿರಬೇಕು. ಆ ಹೊತ್ತಿನಲ್ಲಿ ಬ್ಯಾಂಕ್ ಪುಟ ತೆರೆಯಬಾರದು. ಮುಗಿದ ಕೂಡಲೇ ಸಂಪರ್ಕ ಕಡಿಯಬೇಕು. ಸರ್ವರ್ ಸರಿಮಾಡಲು ಯಾರಿಗೂ ನಿಮ್ಮ ಒಟಿಪಿ, ಯುಪಿಐ ಪಿನ್ ಬೇಕಾಗುವುದಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೊದಲ ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ತಂತ್ರಜ್ಞರಿಗೆ ಫೋನ್ ಮಾಡುವ ಮೊದಲು

‘ಕಂಪ್ಯೂಟರ್ ಬರ್ತಿಲ್ಲ’ ಎಂದರೆ ಅವರಿಗೂ ಏನೂ ತಿಳಿಯುವುದಿಲ್ಲ. ಈ ಐದನ್ನು ಬರೆದಿಟ್ಟುಕೊಂಡು ಹೇಳಿ: ಎರರ್ ಸಂದೇಶದ ಫೋಟೊ, ಯಾವಾಗಿನಿಂದ, ಒಂದೇ ಯಂತ್ರವೋ ಎಲ್ಲವೋ, ಅದಕ್ಕೆ ಮೊದಲು ಏನು ಬದಲಾಗಿತ್ತು (ಕರೆಂಟ್ ಹೋಗಿತ್ತೇ, ರೌಟರ್ ಬದಲಾಯಿತೇ, ಅಪ್‌ಡೇಟ್ ಆಯಿತೇ), ನೀವು ಈಗಾಗಲೇ ಏನೇನು ಮಾಡಿ ನೋಡಿದ್ದೀರಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ‘ಸರ್ವರ್ ಡೌನ್’ ಎನ್ನುವ ಮೊದಲು ಎರರ್ ಸಂದೇಶದ ಫೋಟೊ ತೆಗೆಯಿರಿ.
• ಪಕ್ಕದ ಯಂತ್ರ, ಪಕ್ಕದ ಊರು, ಎರಡನ್ನೂ ಕೇಳಿ.
• ತಾರೀಖು, ರೌಟರಿನ ದೀಪ, ಕೇಬಲ್ ನೋಡಿ.
• ಹಾಟ್‌ಸ್ಪಾಟ್ ಹಾಕಿ ಪರೀಕ್ಷಿಸಿ.
• ಫೈರ್‌ವಾಲ್ ಆಫ್ ಮಾಡಬೇಡಿ, ಆ ಒಂದು ಪ್ರೋಗ್ರಾಂಗೆ ಅನುಮತಿ ಕೊಡಿ.
• ಗೂಗಲ್‌ನಲ್ಲಿ ಸಿಕ್ಕ ನಂಬರಿನವರಿಗೆ ಪರದೆ ತೋರಿಸಬೇಡಿ.
• ಹಣ ಹೋದರೆ 1930.

ಸರ್ವರ್ ನಿಜವಾಗಿ ಬಿದ್ದಿದ್ದರೆ ಕಾಯುವುದು ಬಿಟ್ಟು ನಮಗೆ ದಾರಿಯಿಲ್ಲ. ಆದರೆ ಸಡಿಲವಾದ ಒಂದು ತಂತಿಗಾಗಿ, ಸೋತ ಒಂದು ಪುಟ್ಟ ಸೆಲ್‌ಗಾಗಿ ಯಾರೂ ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾಗಿಲ್ಲ.